ಓದಿದವರು: ಜೆನಾನ್ ವ್ರೋನಾ

ಕತೋವಿತ್ಸೆಯವರು ಬಸಿ ಎಂದು ಕರೆಯುವ
ಆ ದುಂಡು ಸಭಾಂಗಣದ ಮುಂದೆ
ಬೆಳಗಿನ ಏಳಕ್ಕೇ ಸಾಲು.
ರಾತ್ರಿ ಪಾಳಿಯ ಟ್ರಾಮನ್ನು ಡಿಪೋಗೆ ಬಿಟ್ಟು
ಸಮವಸ್ತ್ರದಲ್ಲೇ ಬಂದಿದ್ದೇನೆ.
ಫೋಟೋಗೆ ಸಹಿ, ಇನ್ನೂರು ಝ್ಲೋಟಿ.
ಹೆಗಲ ಮೇಲೆ ಕೈಹಾಕಿಸಿಕೊಂಡರೆ ಮುನ್ನೂರೈವತ್ತು.
ಮುಂದೆ ನಿಂತವನ ಚರ್ಮದ ಜಾಕೆಟ್ಟಿಗೆ
ಮೂವತ್ತೆಂಟು ವರ್ಷವಂತೆ;
ಗುಂಡಿ ಹಾಕಲು ಹೊಟ್ಟೆ ಒಪ್ಪುತ್ತಿಲ್ಲ.
‘ಸೇತುವೆಯದ್ದನ್ನ ಎಷ್ಟು ಸಲ ನೋಡಿದ್ರಿ?’
‘ಎಣಿಸಿಲ್ಲ. ಟೇಪು ಹರಿಯೋತನಕ.’

ಡಿರ್ಕ್ ಹಾಲ್ವರ್ಸನ್!
ಒಂದೇ ಕೈಯಲ್ಲಿ ಹೆಲಿಕಾಪ್ಟರ್ ಜಗ್ಗಿದವನು,
ಹೆಂಡತಿ ಸತ್ತಮೇಲೆ ಮೂರು ಚಿತ್ರಗಳುದ್ದಕ್ಕೂ
ಗಡ್ಡ ಬೋಳಿಸದವನು,
ಬೆನ್ನ ಹಿಂದೆ ಸೇತುವೆ ಧಗಧಗ ಉರಿಯುವಾಗ
ಬೆಂಕಿಕಡ್ಡಿಗಾಗಿ ಜೇಬು ತಡಕಿದವನು.

ಎಂಬತ್ತಾರರ ಚಳಿಗಾಲ.
ಜರ್ಮನಿಯಲ್ಲಿ ದುಡಿದು ಬಂದ ಹುಬೆರ್ಟನ ಮನೆಯಲ್ಲಿ
ಇಡೀ ವಠಾರಕ್ಕೊಂದೇ ವೀಡಿಯೊ.
ಗಣಿಯ ಪಾಳಿ ಮುಗಿಸಿದವರು ನೆಲದ ಮೇಲೆ,
ಎಷ್ಟು ಉಜ್ಜಿದರೂ ಹೋಗದ ಕರಿ
ಕಣ್ಣಂಚಿಗೆ ಕಾಡಿಗೆಯಂತೆ;
ಹೆಂಗಸರು ಮಂಚದಲ್ಲಿ, ಮಕ್ಕಳು ಮೇಜಿನಡಿ.
ಮಾಂಸಕ್ಕೆ ಚೀಟಿ, ಪೆಟ್ರೋಲಿಗೆ ಚೀಟಿ,
ಡಿರ್ಕ್‌ಗೆ ಮಾತ್ರ ಚೀಟಿ ಬೇಕಿರಲಿಲ್ಲ.

ನಕಲಿನ ನಕಲಿನ ನಕಲು.
ಪರದೆಯ ತುಂಬ ಹಿಮ, ಮರುಭೂಮಿಯಲ್ಲೂ ಹಿಮ.
ಅವನು ಬಾಯಿ ತೆರೆದರೆ
ಅಡಿಯಲ್ಲೆಲ್ಲೋ ಅವನದೊಂದು ಗುಣುಗುಣು,
ಅದರ ಮೇಲೆ ನಮ್ಮ ಭಾಷೆ:
ಒಬ್ಬನೇ ಗಂಡಸು, ನೆಗಡಿ ಹಿಡಿದ ದನಿ.
ನಾಯಕನಿಗೂ ಅವನೇ, ಖಳನಿಗೂ ಅವನೇ,
ಮುತ್ತಿಗೆ ಮುಂಚೆ ಪಿಸುಗುಟ್ಟುವ ಹೆಣ್ಣಿಗೂ ಅವನೇ.
‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದನ್ನು
ರೈಲು ತಡವಾಗಿದೆ ಎಂಬಂತೆ ಓದುತ್ತಿದ್ದ.
‘ನಿನ್ನನ್ನು ಕೊಲ್ಲುತ್ತೇನೆ’:
ಅದೇ ರೈಲು, ಇನ್ನಷ್ಟು ತಡ.
ಕೊನೆಗೆ ಹೆಸರುಗಳು ಮೇಲೇರುವಾಗ, ಕೆಮ್ಮಿ,
‘ಓದಿದವರು: ಜೆನಾನ್ ವ್ರೋನಾ.’
ವ್ರೋನಾ ಅಂದರೆ ಕಾಗೆ.
ಮೇಜಿನಡಿಯಿಂದ ನಾವು: ಕ್ರಾ, ಕ್ರಾ!

ಅಣ್ಣ ಗೆರಾರ್ಡನಿಗೆ ಡಿರ್ಕ್ ಬೇಡ.
ಅವನಿಗೆ ‘ಸೀಸ’ ತಂಡ.
ಹಳೆಯ ಮಿಲಿಟರಿ ಚೀಲದ ಮೇಲೆ
ಬಾಲ್‌ಪೆನ್ನಿನಲ್ಲಿ ತಿದ್ದಿ ತಿದ್ದಿ ಬರೆದ ಆ ಹೆಸರು.
ರಾತ್ರಿ, ರೇಡಿಯೊ ಬಾಯಿಗೆ ರೆಕಾರ್ಡರ್ ಆನಿಸಿ,
ಉಸಿರು ಬಿಗಿಹಿಡಿದು ಹಾಡು ಹಿಡಿಯುತ್ತಿದ್ದ,
ಮೀನು ಹಿಡಿದಂತೆ.
ಒಂದು ಹಾಡಿನ ನಡುವೆ ಅಮ್ಮ ಕೂಗಿದ್ದಾಳೆ:
‘ಗೆರಾರ್ಡ್, ಕಲ್ಲಿದ್ದಲು ತಾರೋ!’
ಗಿಟಾರು ಮುಗಿಲಿಗೇರುವುದು ಸರಿಯಾಗಿ ಅಲ್ಲಿಗೇ.
ಈಗ ಅದರ ತೊಳೆದಿಟ್ಟಂಥ ಹೊಸ ಮುದ್ರಣ ಬಂದಿದೆ.
ಕೇಳಿದೆ. ಆ ಜಾಗಕ್ಕೆ ಬಂದಾಗ
ಮೆಟ್ಟಿಲಿದೆ ಎಂದು ಕಾಲಿಟ್ಟು
ಇಲ್ಲದೆ ಮುಗ್ಗರಿಸಿದ ಹಾಗೆ.
ಅಮ್ಮ ಇಲ್ಲ. ಹಾಡು ನೆಟ್ಟಗಿದೆ.

ಸಾಲು ಸರಿಯಿತು. ಮೇಜಿನ ಹಿಂದೆ ಡಿರ್ಕ್,
ಎಪ್ಪತ್ತೊಂಬತ್ತು.
ಹೆಲಿಕಾಪ್ಟರ್ ಜಗ್ಗಿದ ಕೈಗೆ
ಪೆನ್ನಿನ ಮುಚ್ಚಳ ಜಗ್ಗುತ್ತಿಲ್ಲ.
ಪಕ್ಕದ ಹುಡುಗಿ ತೆಗೆದುಕೊಟ್ಟಳು.
ನನ್ನ ಟೋಪಿ ನೋಡಿ ಏನೋ ಅಂದ:
ತೆಳ್ಳಗಿನ, ಬೆಚ್ಚಗಿನ, ಹುಡುಗನಂಥ ದನಿ.
ಯಾರಪ್ಪಾ ಇವನು?
ನಾನು ಕಾಯುತ್ತಲೇ ಇದ್ದೆ,
ಅರೆಕ್ಷಣ ತಡವಾಗಿ ಮೇಲಿನಿಂದ
ನೆಗಡಿಯ ದನಿಯೊಂದು ಇಳಿದು ಬಂದೀತೆಂದು.
‘ರೈಲು ಓಡಿಸ್ತೀರಾ ಅಂತ ಕೇಳ್ತಿದ್ದಾರೆ,’ ಅಂದಳು ಹುಡುಗಿ.
‘ಟ್ರಾಮು.’
‘ಯಾರ ಹೆಸರಿಗೆ ಬರೀಬೇಕಂತೆ?’
ಬಾಯಿಗೆ ಬಂದದ್ದು ನನ್ನ ಹೆಸರಲ್ಲ.
‘ಜೆನಾನ್‌ಗೆ,’ ಎಂದೆ.
ತಪ್ಪು ತಪ್ಪಾಗಿ ಬರೆದ, ಪ್ರೀತಿಯಿಂದ.

ಮರುರಾತ್ರಿ ನಿಲ್ದಾಣ ಹೇಳುವ ಯಂತ್ರ ಕೆಟ್ಟಿತ್ತು.
ನಾನೇ ಮೈಕು ಹಿಡಿದು ಒಂದೊಂದನ್ನೂ ಓದಿದೆ.
ಕಡೇ ನಿಲ್ದಾಣ. ಖಾಲಿ ಟ್ರಾಮು,
ಹಿಂದಿನ ಸೀಟಿನಲ್ಲಿ ಕುಡಿದು ಮಲಗಿದವನೊಬ್ಬ,
ತಲೆ ನೆರೆತವನು.
ಯಾಕೋ, ಒಮ್ಮೆ ಕೆಮ್ಮಿ, ಹೇಳಿಯೇಬಿಟ್ಟೆ:
‘ಓದಿದವರು: ಜೆನಾನ್ ವ್ರೋನಾ.’

ಅವನು ಕಣ್ಣು ತೆರೆಯಲಿಲ್ಲ.
‘ಕ್ರಾ,’ ಅಂದ. ‘ಕ್ರಾ.’